ಬಿಸಿಲಿದ್ದರೂ ಮಧ್ಯಾಹ್ನ ಸೋಲಾರ್ ಬಂದ್ ಆಗುವುದೇಕೆ?

ಪ್ರಶ್ನೆ (ಇಂಡಿ ತಾಲ್ಲೂಕು, ವಿಜಯಪುರ): ತೋಟದ ಮನೆಯ ಮಾಳಿಗೆ ಮೇಲೆ 5 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಸೋಲಾರ್ ಹಾಕಿಸಿ ಗ್ರಿಡ್‌ಗೆ ಜೋಡಿಸಿದ್ದೇವೆ. ಕರೆಂಟ್ ಹೋದರೆ ಸೋಲಾರ್ ಕೂಡ ನಿಲ್ಲುತ್ತದೆ. ಕರೆಂಟ್ ಇದ್ದಾಗಲೂ ನಡುಮಧ್ಯಾಹ್ನ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ತೋರಿಸಿ ಇನ್ವರ್ಟರ್ ಪದೇ ಪದೇ ಬಂದ್ ಆಗುತ್ತದೆ. ಇಂತಹ ಸಣ್ಣ ಉತ್ಪಾದನೆಯನ್ನು ರಾಷ್ಟ್ರೀಯ ಗ್ರಿಡ್ ತಾಳಲಾರದು ಎಂದು ಹಾಕಿಸಿದವರು ಹೇಳುತ್ತಾರೆ. ಇದು ನಿಜವೇ?

ಉತ್ತರ 1: ಮೊದಲನೆಯದು ದೋಷವಲ್ಲ, ಕಡ್ಡಾಯ ರಕ್ಷಣೆ. ಲೈನ್ ಬಂದ್ ಮಾಡಿಸಿ ಲೈನ್‌ಮನ್ ಕಂಬ ಹತ್ತಿರುವಾಗ ತಮ್ಮ ಸೋಲಾರ್ ಕರೆಂಟ್ ಬಿಡುತ್ತಿದ್ದರೆ, ಅದು ಟಿಸಿಯೊಳಗೆ (ಲೈನಿನ ಟ್ರಾನ್ಸ್‌ಫಾರ್ಮರ್) ಹಿಮ್ಮುಖವಾಗಿ ಹೊಕ್ಕು ಆಚೆ ಬದಿಯಲ್ಲಿ 11,000 ವೋಲ್ಟ್ ಆಗಿ ನಿಲ್ಲಬಲ್ಲದು. ಕರೆಂಟ್ ಇಲ್ಲದಾಗಲೂ ಮನೆಗೆ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು.

ಉತ್ತರ 2 (ಬಾಗಲಕೋಟೆ): ರಾಷ್ಟ್ರೀಯ ಗ್ರಿಡ್ಡಿನ ಮಾತನ್ನು ನಂಬಬೇಡಿ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದೊಂದಿಗೆ ಸೇರಿದಂದಿನಿಂದ ಇಡೀ ದೇಶ ಒಂದೇ ಗ್ರಿಡ್. ತಮ್ಮದೇ ಜಿಲ್ಲೆಯ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರವೂ ಅದಕ್ಕೇ ಜೋಡಣೆಯಾಗಿದೆ. ಅದರ ಮುಂದೆ ತಮ್ಮ 5 ಕಿಲೋವ್ಯಾಟ್ ಯಾವ ಲೆಕ್ಕ? ಇಕ್ಕಟ್ಟು ಇರುವುದು ಟಿಸಿಯಿಂದ ಮನೆಯವರೆಗಿನ ತಂತಿಯಲ್ಲಿ.

ಕರೆಂಟನ್ನು ಹೊರಗೆ ತಳ್ಳಬೇಕಾದರೆ ಮನೆಯ ವೋಲ್ಟೇಜ್ ಟಿಸಿಯ ವೋಲ್ಟೇಜಿಗಿಂತ ಮೇಲಿರಬೇಕು. 5 ಕಿಲೋವ್ಯಾಟ್ ಎಂದರೆ ಸುಮಾರು 22 ಆಂಪಿಯರ್. ತಂತಿಯ ರೋಧ ಹೋಗಿಬರುವ ದಾರಿಯಲ್ಲಿ ಅರ್ಧ ಓಮ್ ಇದ್ದರೂ ವೋಲ್ಟೇಜ್ 11ರಷ್ಟು ಏರುತ್ತದೆ. 230ರ ಮೇಲೆ ಶೇ. 10, ಅಂದರೆ 253 ದಾಟಿದರೆ ಇನ್ವರ್ಟರ್ ನಿಲ್ಲಲೇಬೇಕು. ಮಧ್ಯಾಹ್ನ ಸೋಲಾರ್ ಬಂದ್ ಇಟ್ಟು ಒಮ್ಮೆ, ಚಾಲೂ ಮಾಡಿ ಒಮ್ಮೆ ಮೀಟರ್ ಬಳಿಯ ವೋಲ್ಟೇಜ್ ಅಳೆಯಿಸಿ ತಿಳಿಸಿ.

ಪ್ರಶ್ನೆ ಕೇಳಿದವರು: ಬಂದ್ ಇದ್ದಾಗ 247, ಚಾಲೂ ಇದ್ದಾಗ 256.

ಉತ್ತರ 2: ಹಾಗಾದರೆ ತಮ್ಮ ಸೋಲಾರ್ ಏರಿಸಿದ್ದು 9 ಮಾತ್ರ, ಲೈನಿನ ಪೂರೈಕೆಗೆ ಅನುಮತಿಸಿದ ಮಿತಿ 230ರ ಮೇಲೆ ಶೇ. 6 ಇರುವಾಗ ಲೈನ್ ತಾನೇ 244ನ್ನು ಮೀರಿದೆ. ಪಂಪ್‌ಸೆಟ್‌ಗಳು ಓಡುವಾಗ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿಯದಿರಲೆಂದು ಮೇಲೆ ಇಟ್ಟಿರುತ್ತಾರೆ, ಪಂಪ್ ನಿಂತ ಹೊತ್ತಿನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಈ ಅಳತೆಯನ್ನೇ ಬರೆದು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಟಿಸಿಯಲ್ಲಿ ಟ್ಯಾಪ್ (ವೋಲ್ಟೇಜ್ ಏರಿಳಿಸುವ ವ್ಯವಸ್ಥೆ) ಇದ್ದರೆ ಇಳಿಸಲು, ಇಲ್ಲದಿದ್ದರೆ ಸಬ್‌ಸ್ಟೇಷನ್‌ನಲ್ಲಿ ಸರಿಪಡಿಸಲು ಕೇಳಿ. ಇನ್ವರ್ಟರನ್ನು ತ್ರೀ ಫೇಸ್‌ಗೆ ಬದಲಿಸಿದರೆ ಪ್ರತಿ ಫೇಸಿಗೆ ಸುಮಾರು 7 ಆಂಪಿಯರ್ ಮಾತ್ರ ಬರುತ್ತದೆ, ಆದರೆ ಅದು ಖರ್ಚಿನ ಮಾತು. ಅಲ್ಲಿಯವರೆಗೆ ತೋಟದ ಮೋಟಾರನ್ನು ಅದೇ ಲೈನಿನಲ್ಲಿ ನಡುಮಧ್ಯಾಹ್ನ ಓಡಿಸಿ ನೋಡಿ.