ಕ್ರೋಮ್‌ನಲ್ಲಿ ಯುಬ್ಲಾಕ್ ಒರಿಜಿನ್ ಆಫ್ ಆಗಿದೆ, ಮತ್ತೆ ಆನ್ ಆಗುತ್ತಿಲ್ಲ. ಬೇರೆ ದಾರಿ ಇದೆಯಾ?

ಮಲ್ನಾಡ್‌ಮಳೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯ ಲ್ಯಾಪ್‌ಟಾಪ್ ವಿಂಡೋಸ್ 11, ಬ್ರೌಸರ್ ಕ್ರೋಮ್. ಅದರಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಯುಬ್ಲಾಕ್ ಒರಿಜಿನ್ ಹಾಕಿ ವರ್ಷಗಳೇ ಆಗಿದ್ದವು, ಅದೊಂದು ಇದೆ ಅನ್ನೋದೇ ಮರೆತುಹೋಗಿತ್ತು. ಅಪ್‌ಡೇಟ್ ಆದಮೇಲೆ ನೋಡಿದರೆ ಬೂದು ಬಣ್ಣಕ್ಕೆ ತಿರುಗಿ ಕೂತಿದೆ. ಇದಕ್ಕೆ ಇನ್ನು ಬೆಂಬಲ ಇಲ್ಲ ಅಂತ ಬರುತ್ತದೆ. ಆನ್ ಮಾಡುವ ಗುಂಡಿ ಅಲುಗಾಡುವುದಿಲ್ಲ. ತೆಗೆದು ಮತ್ತೆ ಹಾಕೋಣ ಅಂತ ಹೊರಟೆ, ಅಷ್ಟರಲ್ಲಿ ಏನೇನು ತಡೆಯಬೇಕು ಅಂತ ನಾನೇ ಬರೆದುಕೊಂಡಿದ್ದ ಫಿಲ್ಟರ್‌ಗಳು ನೆನಪಾಗಿ ಸುಮ್ಮನಾದೆ.

ತೊಂದರೆ ನನಗಿಂತ ಅಪ್ಪನಿಗೆ ಜಾಸ್ತಿ. ಅವರು ಬೆಳಗ್ಗೆ ಪೇಪರ್ ಓದುವುದು ಇದರಲ್ಲೇ. ಈಗ ಯಾವ ಸುದ್ದಿ ತೆರೆದರೂ ಮೊದಲು ಇಡೀ ಪರದೆ ತುಂಬುವ ಜಾಹೀರಾತು, ಅದನ್ನು ಮುಚ್ಚಲು ಇರುವ ಇಂಟು ಗುರುತು ಸಾಸಿವೆ ಕಾಳಿನಷ್ಟು. ಕಷ್ಟಪಟ್ಟು ಮುಚ್ಚಿದರೆ ಬಲಗಡೆ ಮೂಲೆಯಲ್ಲಿ ವಿಡಿಯೋ ಒಂದು ತಾನಾಗೇ ಶುರು, ಪುಟ ಎಷ್ಟು ಕೆಳಗೆ ಎಳೆದರೂ ಹಿಂದೆಯೇ ಬರುತ್ತದೆ. ಎರಡು ಸಾಲು ಸುದ್ದಿ, ಮಂಡಿನೋವಿನ ಎಣ್ಣೆ, ಮತ್ತೆರಡು ಸಾಲು ಸುದ್ದಿ, ಸೈಟು ಮಾರಾಟಕ್ಕಿದೆ! ಮೊನ್ನೆ ಯಾವುದೋ ಪಿಡಿಎಫ್ ಇಳಿಸಲು ಹೋಗಿ ದೊಡ್ಡದಾಗಿ ಕಂಡ ಹಸಿರು ಡೌನ್‌ಲೋಡ್ ಗುಂಡಿ ಒತ್ತಿದ್ದಾರೆ. ಅದು ಜಾಹೀರಾತು. ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಕಿರುಚುವ ಪುಟ ತೆರೆದುಕೊಂಡಿದೆ. ಪುಣ್ಯಕ್ಕೆ ಫೋನ್ ಮಾಡಲಿಲ್ಲ, ನನ್ನನ್ನು ಕೂಗಿದರು.

ಹಳೆಯದನ್ನೇ ಹೇಗಾದರೂ ನಡೆಸಬಹುದಾ? ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಬದಲಾಯಿಸಿದರೆ ಆಗುತ್ತದೆ ಅಂತ ವಿಡಿಯೋಗಳಿವೆ. ಆಗಲ್ಲ ಅಂದರೆ ಏನು ಹಾಕಲಿ? ಕ್ರೋಮ್ ಸ್ಟೋರಿನಲ್ಲಿ ಅದೇ ತರಹದ ಹೆಸರಿನವು ಸಾಲುಗಟ್ಟಿ ನಿಂತಿವೆ, ಯಾವುದನ್ನು ನಂಬೋದು ಗೊತ್ತಾಗುತ್ತಿಲ್ಲ. ಅಪ್ಪನಿಗೆ ಹೊಸ ಬ್ರೌಸರ್ ಕಲಿಸೋದು ಅಂದರೆ ತಲೆನೋವು, ಬೇರೆ ಗತಿ ಇಲ್ಲದಿದ್ದರೆ ಮಾತ್ರ.

ಹಳೇಮೋಡೆಮ್:

ರಿಜಿಸ್ಟ್ರಿಗೆ ಕೈ ಹಾಕಬೇಡಿ, ಆ ವಿಡಿಯೋಗಳ ಕಾಲ ಮುಗಿದಿದೆ. ಹಳೇ ಎಕ್ಸ್‌ಟೆನ್ಷನ್‌ಗಳನ್ನು ನಡೆಯಲು ಬಿಡುವ, ಕಂಪನಿಗಳಿಗೆ ಅಂತ ಕೊಟ್ಟಿದ್ದ ಒಂದು ಪಾಲಿಸಿ ಇತ್ತು, ಅದನ್ನು ರಿಜಿಸ್ಟ್ರಿಯಲ್ಲಿ ಸೇರಿಸಿಕೊಂಡು ಜನ ಸ್ವಲ್ಪ ದಿನ ತಳ್ಳಿದರು. ಅದು ಕ್ರೋಮ್ 138ರವರೆಗೆ ಮಾತ್ರ. 2025ರ 139ರಿಂದ ಅದನ್ನೂ ತೆಗೆದುಹಾಕಿದ್ದಾರೆ. ಅಪ್‌ಡೇಟ್ ನಿಲ್ಲಿಸಿ ಹಳೇ ಕ್ರೋಮ್‌ನಲ್ಲೇ ಇರಿ ಅಂತ ಯಾರಾದರೂ ಹೇಳಿದರೆ ಅದನ್ನಂತೂ ಕೇಳಲೇಬೇಡಿ. ಜಾಹೀರಾತು ತಪ್ಪಿಸಲು ಹೋಗಿ ಭದ್ರತೆಯ ತೂತು ಹಾಗೇ ಬಿಟ್ಟುಕೊಂಡ ಹಾಗಾಗುತ್ತದೆ, ಅದೂ ಬ್ಯಾಂಕ್ ಕೆಲಸ ಮಾಡುವ ಲ್ಯಾಪ್‌ಟಾಪ್‌ನಲ್ಲಿ.

ಏನಾಯಿತು ಅಂತ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಕೆಟ್ಟಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ರತಿ ಎಕ್ಸ್‌ಟೆನ್ಷನ್ ಒಳಗೆ ಮ್ಯಾನಿಫೆಸ್ಟ್ ಅಂತ ಒಂದು ಫೈಲ್ ಇರುತ್ತದೆ, ನನಗೆ ಏನೇನು ಅನುಮತಿ ಬೇಕು ಅಂತ ಬ್ರೌಸರ್‌ಗೆ ಹೇಳುವ ಫೈಲ್. ಅದರ ಎರಡನೇ ಆವೃತ್ತಿಯಲ್ಲಿ, ಅಂದರೆ ವಿ2ರಲ್ಲಿ, ಒಂದು ಪುಟ ಚಿತ್ರ, ಸ್ಕ್ರಿಪ್ಟ್, ವಿಡಿಯೋ ಯಾವುದನ್ನು ತರಿಸಲು ಹೋದರೂ ಎಕ್ಸ್‌ಟೆನ್ಷನ್ ಅದನ್ನು ಹಿಡಿದು ನಿಲ್ಲಿಸಿ, ನೋಡಿ, ಬಿಡಬೇಕಾ ಬೇಡವಾ ಅಂತ ಆ ಕ್ಷಣದಲ್ಲೇ ತೀರ್ಮಾನ ಮಾಡಬಹುದಿತ್ತು. ವಿ3ರಲ್ಲಿ ಆ ಅಧಿಕಾರ ಇಲ್ಲ. ನಿಯಮಗಳ ಪಟ್ಟಿಯನ್ನು ಮೊದಲೇ ಕೊಟ್ಟಿಡಬೇಕು, ತಡೆಯುವ ಕೆಲಸ ಬ್ರೌಸರ್ ಮಾಡುತ್ತದೆ. ಗೂಗಲ್ ಕೊಟ್ಟ ಕಾರಣ ಖಾಸಗಿತನ, ಭದ್ರತೆ, ವೇಗ. ಕೇಳಲು ಸರಿಯಾಗೇ ಇದೆ. ಆದರೆ ಹೋಗಿಬರುವ ಸಂಪರ್ಕಗಳನ್ನು ಸುಮ್ನೆ ನೋಡುತ್ತಾ ಕೂರುವ ಅವಕಾಶ ವಿ3ರಲ್ಲೂ ಇದೆ, ತಡೆಯುವುದಕ್ಕೆ ಮಾತ್ರ ಇಲ್ಲ! ಖಾಸಗಿತನದ ಮಾತು ಅಲ್ಲಿಗೆ ನನಗೆ ಅರ್ಧ ಬಿದ್ದುಹೋಯಿತು. ಜಾಹೀರಾತೇ ಮುಖ್ಯ ಆದಾಯವಾಗಿರುವ ಕಂಪನಿ ಈ ನಿಯಮ ಬರೆದಿದೆ ಅನ್ನೋದನ್ನೂ ಮರೆಯೋದು ಕಷ್ಟ.

ಇದು ರಾತ್ರೋರಾತ್ರಿ ಆದದ್ದೇನಲ್ಲ. ವಿ3ರ ಕರಡು ಹೊರಬಂದ ಸ್ವಲ್ಪ ದಿನಕ್ಕೇ, 2019ರ ಜನವರಿಯಲ್ಲೇ, ಯುಬ್ಲಾಕ್ ಬರೆದ ರೇಮಂಡ್ ಹಿಲ್ ಹೀಗಾದರೆ ನನ್ನ ಎಕ್ಸ್‌ಟೆನ್ಷನ್ ಉಳಿಯುವುದಿಲ್ಲ ಅಂತ ಹೇಳಿದ್ದರು. 2021ರ ಜನವರಿಯಲ್ಲಿ ಕ್ರೋಮ್ 88ರಲ್ಲಿ ವಿ3 ಬಂತು. 2024ರ ಜೂನ್‌ನಲ್ಲಿ ಕ್ರೋಮ್‌ನ ಬೀಟಾದಲ್ಲಿ, ಅಂದರೆ ಪರೀಕ್ಷೆಯ ಆವೃತ್ತಿಯಲ್ಲಿ, ಎಚ್ಚರಿಕೆ ಶುರುವಾಯಿತು, ಅದೇ ವರ್ಷ ಅಕ್ಟೋಬರ್‌ನಿಂದ ಮಾಮೂಲಿ ಬಳಕೆದಾರರಲ್ಲೂ ಹಂತಹಂತವಾಗಿ ಆಫ್ ಮಾಡುತ್ತಾ ಬಂದರು. ನಿಮ್ಮದು ಕೊನೆಯ ಸಾಲಿನಲ್ಲಿ ನಿಂತಿತ್ತು, ಅಷ್ಟೇ.

ಬಹಳ ಮುಖ್ಯ: ಹಳೇ ಎಕ್ಸ್‌ಟೆನ್ಷನ್ ಮೇಲೆ "ರಿಮೂವ್" ಒತ್ತಬೇಡಿ. ಒತ್ತಿದರೆ ಅದರ ಡೇಟಾ ಎಲ್ಲ ಅದರ ಜೊತೆಗೇ ಹೋಗುತ್ತದೆ.

ಸುಮ್ನೆಬಂದೆ:

ಅಪ್ಪನಿಗೋಸ್ಕರ ಅಂದರೆ ಇಷ್ಟೆಲ್ಲ ಯಾಕೆ? ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ, ಮುಗಿಯಿತು. ಅದೇ ಹಿಲ್ ವಿ3ಗಾಗಿ ಬರೆದದ್ದು. ನಮ್ಮ ಮನೆಯಲ್ಲಿ ಎಲ್ಲ ಕಂಪ್ಯೂಟರ್‌ನಲ್ಲೂ ಅದೇ ಇದೆ, ಯಾರೂ ವ್ಯತ್ಯಾಸ ಕಂಡುಹಿಡಿದಿಲ್ಲ.

ಹಾಕಿದ ಮೇಲೆ ಎರಡು ಕೆಲಸ ಮಾಡಿ, ಬಹಳ ಜನ ಇದನ್ನು ಬಿಟ್ಟು ಆಮೇಲೆ ಲೈಟ್ ಚೆನ್ನಾಗಿಲ್ಲ ಅಂತಾರೆ. ಅದರಲ್ಲಿ ಬೇಸಿಕ್, ಆಪ್ಟಿಮಲ್, ಕಂಪ್ಲೀಟ್ ಅಂತ ಮೂರು ಮಟ್ಟ ಇವೆ. ಬೇಸಿಕ್‌ನಲ್ಲಿ ಜಾಹೀರಾತು ಹೋದರೂ ಅದರ ಖಾಲಿ ಡಬ್ಬ ಪುಟದಲ್ಲಿ ಹಾಗೇ ಉಳಿಯಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಕಂಪ್ಲೀಟ್ ಮಾಡಿ, ಎಲ್ಲ ಸೈಟುಗಳಲ್ಲಿ ಓದುವ ಅನುಮತಿ ಕೇಳಿದರೆ ಕೊಡಿ. ಎರಡನೆಯದು, ಫಿಲ್ಟರ್ ಪಟ್ಟಿಗಳಲ್ಲಿ ಪ್ರಾದೇಶಿಕ ಅಂತ ಒಂದು ಭಾಗ ಇದೆ, ಅದರಲ್ಲಿ ಇಂಡಿಯನ್‌ಲಿಸ್ಟ್ ಹುಡುಕಿ ಟಿಕ್ ಮಾಡಿ. ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಸೈಟುಗಳಿಗೂ ಸೇರಿ ಇರುವ ಪಟ್ಟಿ ಅದು. ಇಂಗ್ಲಿಷ್ ಸೈಟುಗಳಿಗೆ ಮಾಡಿದ ಪಟ್ಟಿ ಒಂದೇ ಇದ್ದರೆ ನಮ್ಮ ಪೇಪರ್ ಸೈಟುಗಳ ಮಂಡಿನೋವಿನ ಎಣ್ಣೆ ಹೋಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ನಿಯಮಗಳ ಸಂಖ್ಯೆಗೆ ಮಿತಿ ಇದೆ ಅಂತ ಮೊದಲು ಬಹಳ ಗಲಾಟೆ ಆಗಿತ್ತು. ಈಗ ಒಂದು ಎಕ್ಸ್‌ಟೆನ್ಷನ್‌ಗೆ 30,000 ಸ್ಥಿರ ನಿಯಮ (ಎಕ್ಸ್‌ಟೆನ್ಷನ್ ಜೊತೆಗೇ ಬರುವವು) ಖಾತ್ರಿ, ಜಾಗ ಇದ್ದರೆ ಒಟ್ಟು 3,30,000ದವರೆಗೆ. ಸುದ್ದಿ ಓದುವವರಿಗೆ ಬೇಕಾದಷ್ಟಾಯಿತು.

ತುದಿಗಾಲು:

ಬೇಕಾದಷ್ಟಾಯಿತು ಅನ್ನೋದನ್ನು ನಾನು ಒಪ್ಪಲ್ಲ. ಸಂಖ್ಯೆ ಎಂದೂ ದೊಡ್ಡ ವಿಷಯ ಆಗಿರಲಿಲ್ಲ. ಲೈಟ್‌ನಲ್ಲಿ ಫಿಲ್ಟರ್ ಪಟ್ಟಿಗಳು ಎಕ್ಸ್‌ಟೆನ್ಷನ್ ಒಳಗೇ ಕೂತಿರುತ್ತವೆ. ಹೊಸ ಪಟ್ಟಿ ಬೇಕು ಅಂದರೆ ಎಕ್ಸ್‌ಟೆನ್ಷನ್ನೇ ಸ್ಟೋರ್ ಮೂಲಕ ಅಪ್‌ಡೇಟ್ ಆಗಬೇಕು. ಹಳೆಯದು ಪಟ್ಟಿಗಳನ್ನು ತಾನೇ ನೇರವಾಗಿ ತರಿಸಿಕೊಳ್ಳುತ್ತಿತ್ತು, ನೀವು "ಅಪ್‌ಡೇಟ್ ನೌ" ಒತ್ತಿದರೆ ಆ ನಿಮಿಷಕ್ಕೇ. ಯೂಟ್ಯೂಬ್ ತರಹ ಪದೇ ಪದೇ ದಾರಿ ಬದಲಾಯಿಸುವ ಸೈಟುಗಳಲ್ಲಿ ಈ ತಡ ಎದ್ದು ಕಾಣುತ್ತದೆ.

ಇನ್ನೊಂದು ಇದೆ. ನಿಮ್ಮ ಓಡಾಟದ ಮೇಲೆ ಕಣ್ಣಿಡುವ ಕೆಲವು ಟ್ರ್ಯಾಕರ್‌ಗಳು ನೀವು ನೋಡುತ್ತಿರುವ ಸೈಟಿನದೇ ಉಪವಿಳಾಸದ ಹೆಸರಿನಲ್ಲಿ ಬರುತ್ತವೆ, ಹಿಂದೆ ಮಾತ್ರ ಬೇರೆ ಕಂಪನಿಯ ಸರ್ವರ್. ಹೆಸರು ನೋಡಿ ತಡೆಯುವ ಪಟ್ಟಿಗೆ ಅದು ಮನೆಯವರೇ ಅನ್ನಿಸುತ್ತದೆ. ಫೈರ್‌ಫಾಕ್ಸ್‌ನಲ್ಲಿ ಓಡುವ ಯುಬ್ಲಾಕ್ ಒರಿಜಿನ್ ಡಿಎನ್‌ಎಸ್ (ಸೈಟಿನ ಹೆಸರಿಗೆ ಸರ್ವರ್ ಯಾವುದು ಅಂತ ಹೇಳುವ ವ್ಯವಸ್ಥೆ) ಕೇಳಿ ನಿಜವಾದ ಹೆಸರು ತಿಳಿದುಕೊಂಡು ತಡೆಯುತ್ತದೆ. ಕ್ರೋಮ್‌ನಲ್ಲಿ ಇದು ಹಿಂದೆಯೂ ಇರಲಿಲ್ಲ.

ಹಾಗಾಗಿ ನನ್ನ ಉತ್ತರ ಫೈರ್‌ಫಾಕ್ಸ್. ವಿ3 ಅವರೂ ತಂದಿದ್ದಾರೆ, ಆದರೆ ಹಿಡಿದು ನಿಲ್ಲಿಸುವ ಅಧಿಕಾರವನ್ನು ಕಿತ್ತುಕೊಂಡಿಲ್ಲ, ವಿ2 ಕೂಡ ಇಟ್ಟುಕೊಂಡಿದ್ದಾರೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಗೂಗಲ್ ಸರ್ಚ್ ಒಪ್ಪಂದದ್ದು ಅನ್ನೋದು ನಿಜ. ಅದನ್ನು ನೆನೆದರೆ ನನಗೂ ಸಮಾಧಾನ ಇರಲ್ಲ, ಆದರೆ ಇವತ್ತಿನ ಮಟ್ಟಿಗೆ ಇದೇ ಸರಿ. ಮೆನು ಕನ್ನಡದಲ್ಲೂ ಸಿಗುತ್ತದೆ, ಅಪ್ಪನಿಗೆ ಅದೇ ಅನುಕೂಲ ಆಗಬಹುದು.

ಮಲ್ನಾಡ್‌ಮಳೆ:

ಮೂವರಿಗೂ ಥ್ಯಾಂಕ್ಸ್. ಅಪ್ಪನ ಪ್ರೊಫೈಲ್‌ಗೆ ಲೈಟ್ ಹಾಕಿ ಕಂಪ್ಲೀಟ್ ಮಾಡಿದೆ. ಓಡಿಬರುವ ವಿಡಿಯೋ ಹೋಯಿತು, ಪೂರ್ತಿ ಪರದೆಯದೂ ಹೋಯಿತು. ಒಂದು ಸೈಟಿನಲ್ಲಿ ಮಾತ್ರ ತಲೆಬರಹದ ಕೆಳಗೆ ಅಂಗೈ ಅಗಲದ ಖಾಲಿ ಜಾಗ ಉಳಿದಿದೆ. ನಾನು ಫೈರ್‌ಫಾಕ್ಸ್‌ಗೆ ಹೋಗುತ್ತೇನೆ, ಆದರೆ ನನ್ನ ಫಿಲ್ಟರ್‌ಗಳು? ಆಫ್ ಆಗಿರುವ ಎಕ್ಸ್‌ಟೆನ್ಷನ್‌ನ ಡ್ಯಾಶ್‌ಬೋರ್ಡ್, ಅಂದರೆ ಸೆಟ್ಟಿಂಗ್ಸ್ ಪುಟ, ತೆರೆಯುವುದೇ ಇಲ್ಲ.

ಹಳೇಮೋಡೆಮ್:

ತೆರೆಯಲ್ಲ. ಹಿಂದೆ ಯಾವಾಗಲಾದರೂ ಲ್ಯಾಪ್‌ಟಾಪ್ ಬದಲಿಸುವಾಗ ಬ್ಯಾಕಪ್ ತೆಗೆದಿದ್ದಿರಾ? ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ "ಮೈ ಯುಬ್ಲಾಕ್ ಬ್ಯಾಕಪ್" ಅಂತ ಶುರುವಾಗಿ ತಾರೀಕಿನಲ್ಲಿ ಮುಗಿಯುವ ಟೆಕ್ಸ್ಟ್ ಫೈಲ್ ಇದೆಯಾ ನೋಡಿ, ನಡುವೆ ಹೈಫನ್ ಇರುತ್ತವೆ. ಇದ್ದರೆ ಫೈರ್‌ಫಾಕ್ಸ್‌ನಲ್ಲಿ ಯುಬ್ಲಾಕ್ ಒರಿಜಿನ್ ಹಾಕಿ, ಡ್ಯಾಶ್‌ಬೋರ್ಡ್‌ನ ಮೊದಲ ಪುಟದ ಕೆಳಗೆ "ರಿಸ್ಟೋರ್ ಫ್ರಮ್ ಫೈಲ್" ಒತ್ತಿ ಅದನ್ನೇ ಕೊಡಿ. ಎಲ್ಲ ಹಾಗೇ ಬರುತ್ತದೆ.

ಆ ಖಾಲಿ ಜಾಗಕ್ಕೆ, ಪುಟದ ಬೇಡದ ಭಾಗ ಆರಿಸಿ ಅಡಗಿಸುವ ಪಿಕ್ಕರ್ ಲೈಟ್‌ನಲ್ಲೂ ಈಗ ಇದೆ. ಎಕ್ಸ್‌ಟೆನ್ಷನ್ ಚಿತ್ರ ಒತ್ತಿ ಪಿಕ್ಕರ್ ತೆಗೆದುಕೊಂಡು ಆ ಜಾಗದ ಮೇಲೆ ಕ್ಲಿಕ್ ಮಾಡಿ. ತೀರಾ ಹೊರಗಿನ ಡಬ್ಬ ಹಿಡಿಯಬೇಡಿ, ಸುದ್ದಿಯೂ ಮಾಯವಾಗುತ್ತದೆ.

ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದ ಫೈಲ್ ಮಾಡಿ ತಂದರೆ, ಫೈರ್‌ಫಾಕ್ಸ್‌ಗೆ ಸೇರಿಸಿದ ಕೂಡಲೇ ಆ ಫೈಲ್ ಅಳಿಸಿ, ರಿಸೈಕಲ್ ಬಿನ್‌ನಿಂದಲೂ. ಅದರಲ್ಲಿ ಎಲ್ಲ ಬಿಚ್ಚಿಟ್ಟ ಅಕ್ಷರದಲ್ಲೇ ಇರುತ್ತದೆ.

ಸಣ್ಣಸೈಟು:

ನಡುವೆ ಬಾಯಿ ಹಾಕುತ್ತೇನೆ, ಬೈಯಬೇಡಿ. ನಾನು ಒಂದು ಚಿಕ್ಕ ಕನ್ನಡ ಸೈಟ್ ನಡೆಸುತ್ತೇನೆ. ಸರ್ವರ್ ಬಾಡಿಗೆ ಹೋಗುವುದು ಜಾಹೀರಾತಿನ ದುಡ್ಡಿನಿಂದಲೇ, ಚಂದಾ ಕೊಟ್ಟು ಓದುವವರು ಬೆರಳೆಣಿಕೆಯಷ್ಟು. ಎಲ್ಲ ಸೈಟಿಗೂ ಒಂದೇ ಬೀಗ ಹಾಕುವ ಬದಲು, ಮೂಲೆಯಲ್ಲಿ ಒಂದು ಚಿತ್ರ ಹಾಕಿ ತೆಪ್ಪಗಿರುವ ಸೈಟುಗಳಲ್ಲಾದರೂ ಆಫ್ ಮಾಡಿ. ಯುಬ್ಲಾಕ್‌ನಲ್ಲಿ ಆ ದೊಡ್ಡ ನೀಲಿ ಗುಂಡಿ ಒತ್ತಿದರೆ ಆ ಸೈಟಿಗೆ ಮಾತ್ರ ಆಫ್ ಆಗುತ್ತದೆ.

ತುದಿಗಾಲು:

ಬೈಯೋದಕ್ಕೇನಿಲ್ಲ, ನಾನೂ ಕೆಲವು ಸೈಟುಗಳಲ್ಲಿ ಹಾಗೇ ಆಫ್ ಇಟ್ಟಿದ್ದೇನೆ. ಆದರೆ ವೈರಸ್ ಬಂದಿದೆ ಅಂತ ಹೆದರಿಸುವ ಪುಟ ಬರುವುದೂ ಅದೇ ಜಾಹೀರಾತಿನ ದಾರಿಯಲ್ಲೇ ಅಲ್ವಾ? 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಸರ್ಚ್ ಜಾಹೀರಾತುಗಳ ಮೋಸದ ಬಗ್ಗೆ ಎಚ್ಚರಿಸುವಾಗ ಆ್ಯಡ್ ಬ್ಲಾಕರ್ ಹಾಕಿಕೊಳ್ಳಿ ಅಂತಲೇ ಹೇಳಿತ್ತು. ವಯಸ್ಸಾದವರ ಕಂಪ್ಯೂಟರ್‌ನಲ್ಲಿ ನಾನು ಇದನ್ನು ಆಫ್ ಮಾಡಿ ಅಂತ ಹೇಳಲಾರೆ.

ಸುಮ್ನೆಬಂದೆ:

ಸ್ಟೋರಿನಲ್ಲಿ ಯಾವುದನ್ನು ನಂಬೋದು ಅನ್ನೋ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹೆಸರಿನಲ್ಲಿ "ಒರಿಜಿನ್" ಇರಬೇಕು, ಬರೆದವರು ರೇಮಂಡ್ ಹಿಲ್ ಅಂತ ಇರಬೇಕು. ಬರೀ "ಯುಬ್ಲಾಕ್" ಅಂತ ಇರುವುದು ಬೇರೆಯವರದು. ಹಿಲ್ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅವರ ಹೆಸರು ಹೇಳಿ ದುಡ್ಡು ಕೇಳಿದರೆ ಅದು ಮೋಸ. ಇದು ಸುಮ್ನೆ ಭಯ ಹುಟ್ಟಿಸಲು ಹೇಳುತ್ತಿಲ್ಲ. 2018ರಲ್ಲಿ, ಜಾಹೀರಾತು ತಡೆಯುವ ತಂತ್ರಾಂಶ ಮಾಡುವ ಆಡ್‌ಗಾರ್ಡ್‌ನವರು ಕ್ರೋಮ್ ಸ್ಟೋರಿನಲ್ಲೇ ಇದ್ದ ನಕಲಿ ಬ್ಲಾಕರ್‌ಗಳನ್ನು ಹಿಡಿದಾಗ ಅವುಗಳನ್ನು ಹಾಕಿಕೊಂಡವರು ಎಲ್ಲ ಸೇರಿ 2 ಕೋಟಿಗೂ ಮೇಲಿದ್ದರು.

ಕ್ರೋಮ್ ತರಹದ್ದೇ ಬೇಕು ಅನ್ನುವವರಿಗೆ ಬ್ರೇವ್ ಅನ್ನೋ ಬ್ರೌಸರ್ ಕೂಡ ಇದೆ. ಅದರ ತಡೆ ಎಕ್ಸ್‌ಟೆನ್ಷನ್ ಅಲ್ಲ, ಬ್ರೌಸರ್ ಒಳಗೇ ಕಟ್ಟಿದ್ದು, ಆದ್ದರಿಂದ ವಿ3 ನಿಯಮ ಅದಕ್ಕೆ ತಾಗುವುದಿಲ್ಲ. ಹಾಕಿದ ಕೂಡಲೇ ಹೊಸ ಪುಟದಲ್ಲಿ ಕಾಣುವ ಕ್ರಿಪ್ಟೋ, ವಾಲೆಟ್ ಎಲ್ಲ ಸೆಟ್ಟಿಂಗ್ಸ್‌ನಲ್ಲಿ ಅಡಗಿಸಿಬಿಡಿ, ಮನೆಯ ಹಿರಿಯರಿಗೆ ಅದು ಬೇಡ.

ಮಲ್ನಾಡ್‌ಮಳೆ:

ಬ್ಯಾಕಪ್ ಫೈಲ್ ಸಿಕ್ಕಿತು! ಸ್ವಲ್ಪ ಹಳೆಯದು, ಆದರೆ ಮುಖ್ಯವಾದವೆಲ್ಲ ಇವೆ, ಫೈರ್‌ಫಾಕ್ಸ್‌ಗೆ ಸೇರಿಸಿದೆ. ಕೊನೆಯ ಪ್ರಶ್ನೆ, ಅಮ್ಮನ ಆಂಡ್ರಾಯ್ಡ್ ಫೋನಿಗೆ ಏನಾದರೂ?

ಹಳೇಮೋಡೆಮ್:

ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲಿ ಅದೇ ಪೂರ್ತಿ ಯುಬ್ಲಾಕ್ ಒರಿಜಿನ್ ನಡೆಯುತ್ತದೆ, ಫೋನ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಹಾಕಲಿಕ್ಕೇ ಬರುವುದಿಲ್ಲ. ಆ್ಯಪ್‌ಗಳ ಒಳಗಿನ ಜಾಹೀರಾತೂ ಕಡಿಮೆಯಾಗಬೇಕು ಅಂದರೆ ಆಂಡ್ರಾಯ್ಡ್ 9ರಿಂದ ಈಚೆಗೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ "ಪ್ರೈವೇಟ್ ಡಿಎನ್‌ಎಸ್" ಇದೆ, ಅಲ್ಲಿ ಆಡ್‌ಗಾರ್ಡ್‌ನ ಡಿಎನ್‌ಎಸ್ ವಿಳಾಸ ಹಾಕಿ. ಅದನ್ನು ಆಡ್‌ಗಾರ್ಡ್ ಸೈಟಿನಿಂದಲೇ ನೋಡಿ ಬರೆದುಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದದ್ದನ್ನಲ್ಲ. ಯೂಟ್ಯೂಬ್ ಜಾಹೀರಾತು ಮಾತ್ರ ಇದರಿಂದ ಹೋಗುವುದಿಲ್ಲ, ವಿಡಿಯೋ ಬರುವ ಸರ್ವರ್‌ನಿಂದಲೇ ಅದೂ ಬರುತ್ತದೆ, ಹೆಸರು ನೋಡಿ ಬೇರೆ ಮಾಡಲು ಆಗಲ್ಲ. ಯಾವುದಾದರೂ ಬ್ಯಾಂಕ್ ಆ್ಯಪ್ ಅಥವಾ ರೈಲ್ವೆ ಸ್ಟೇಷನ್ ವೈಫೈ ಮುಷ್ಕರ ಹೂಡಿದರೆ ಮೊದಲು ಇದನ್ನೇ ಆಫ್ ಮಾಡಿ ನೋಡಬೇಕು ಅಂತ ಅಮ್ಮನಿಗೆ ಹೇಳಿಡಿ.

ಫೈರ್‌ಫಾಕ್ಸ್‌ನಲ್ಲಿ ಇಂಡಿಯನ್‌ಲಿಸ್ಟ್ ಟಿಕ್ ಮಾಡಿದ ಮೇಲೆ ಮೇಲಿರುವ "ಅಪ್ಲೈ ಚೇಂಜಸ್" ಒತ್ತಿ. ಒತ್ತದೆ ಟ್ಯಾಬ್ ಮುಚ್ಚಿದರೆ ಟಿಕ್ ಉಳಿಯುವುದಿಲ್ಲ.