ಕೇಪಿನ ಕೋವಿ: ಗಜ ಸಿಕ್ಕಿಸಿಟ್ಟೇ ಹೊಡೆದರೆ ಗುರಿ ತಪ್ಪುತ್ತದಾ?

ಶಿರ್ವದ ತೋಟದವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ ಉಂಟು, ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವಂಥದ್ದು. ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಇಷ್ಟು ವರ್ಷ ತೋಟಕ್ಕೆ ಬರುವ ಹಂದಿ ಹೆದರಿಸಲು ಬರೀ ಮದ್ದು ತುಂಬಿ ಸದ್ದು ಮಾಡುವುದಕ್ಕಷ್ಟೇ ಅದು ಹೊರಗೆ ಬರುತ್ತಿತ್ತು. ಈಚೆಗೆ ರೇಂಜ್‌ಗೆ ಹೋಗಿ ಕಾಗದದ ಗುರಿಗೆ ಹೊಡೆಯುವ ಆಸೆ ಹತ್ತಿದೆ. ದೂರ 50 ಮೀಟರ್. ಬಟ್ಟೆ ಸುತ್ತಿದ ಒಂಟಿ ಗುಂಡು. ಕರಿಮದ್ದು ಪ್ರತಿ ಸಲವೂ ಅಳತೆ ಮಾಡಿಯೇ ಹಾಕುತ್ತೇನೆ.

ಮದ್ದು, ಗುಂಡು ಜಡಿಯುವ ಕೋಲನ್ನು, ಅಂದರೆ ಗಜವನ್ನು, ನಳಿಗೆಯ ಕೆಳಗೆ ಅದರ ಜಾಗದಲ್ಲೇ ಸಿಕ್ಕಿಸಿಟ್ಟು ಹೊಡೆದಾಗ ಗುಂಡು ಕಾಗದದ ನಡುವಿನ ಆಸುಪಾಸಿಗೆ ಬೀಳುತ್ತದೆ. ಗಜ ತೆಗೆದು ಮೇಜಿನ ಮೇಲಿಟ್ಟು ಹೊಡೆದರೆ ಎಲ್ಲವೂ ಎಡಕ್ಕೆ, ಸ್ವಲ್ಪ ಮೇಲಕ್ಕೆ. ಹೆಚ್ಚು ಕಮ್ಮಿ ಒಂದು ಗೇಣು.

ಪೆನ್ಸಿಲ್ವೇನಿಯಾದಲ್ಲಿರುವ ಮಾವನನ್ನು ಫೋನಿನಲ್ಲಿ ಕೇಳಿದೆ. ಅಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಕೋವಿಯವರಿಗೆಂದೇ ಜಿಂಕೆ ಬೇಟೆಯ ಸೀಸನ್ ಇರುತ್ತದೆ. ಆ ಬೇಟೆಗಾರರು ಗಜ ತೆಗೆದಿಡುವುದನ್ನು ತಾನು ನೋಡಿಯೇ ಇಲ್ಲ ಅಂದರು. ಹಾಗಾದರೆ ನನ್ನ ಕೋವಿಯಲ್ಲಿ ಎಂತ ಆಗ್ತಾ ಉಂಟು?

ಕುಂದಾಪುರದ ಹುಡುಗ

ಗಜದಿಂದ ಏನೂ ಆಗುವುದಿಲ್ಲ ಮಾರಾಯ್ರೆ. ನಿಮ್ಮದು ಒಳಗೆ ತಿರುಚು ಗೆರೆ ಇಲ್ಲದ ನುಣುಪು ನಳಿಗೆ ಅಲ್ವಾ? ಅದರಲ್ಲಿ ಗುಂಡು ತಿರುಗಿಕೊಂಡು ಹೋಗುವುದಿಲ್ಲ. 50 ಮೀಟರ್‌ನಲ್ಲಿ ಒಂದು ಗೇಣು ಅತ್ತಿತ್ತ ಆಗುವುದು ಸಹಜ. ಒಂಟಿ ಗುಂಡಿನ ಬದಲು ಚರೆ, ಅಂದರೆ ಸಣ್ಣ ಸಣ್ಣ ಕಾಳು, ಹಾಕಿ ಹೊಡೆದರೆ ಗಜ ಇದ್ದರೂ ಇಲ್ಲದಿದ್ದರೂ ಒಂದೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕಾರ್ಕಳದ ಆರ್ಮರರ್

ಚರೆಯ ಬಗ್ಗೆ ಕುಂದಾಪುರದವರು ಹೇಳಿದ್ದು ಸರಿ. ಒಂಟಿ ಗುಂಡಿನ ವಿಷಯಕ್ಕೆ ಅಷ್ಟು ಬೇಗ ತೀರ್ಪು ಕೊಡಬಾರದು. ಗುಂಡು ಸುತ್ತಲೂ ಚೆಲ್ಲಿದ್ದರೆ ಅದು ನುಣುಪು ನಳಿಗೆಯ ಗುಣ ಅನ್ನಬಹುದಿತ್ತು. ಇವರು ಹೇಳುತ್ತಿರುವುದು ಎಲ್ಲವೂ ಒಂದೇ ಕಡೆಗೆ ಸರಿಯುತ್ತದೆ ಅಂತ. ಅದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಸೇನೆಯಲ್ಲಿ ಬಂದೂಕು ಬಿಚ್ಚಿ ಕಟ್ಟುವುದೇ ನನ್ನ ಕೆಲಸವಾಗಿತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮದ್ದು ಹತ್ತಿಕೊಂಡ ಕ್ಷಣ ನಳಿಗೆ ನಡುಗುತ್ತದೆ. ಗುಂಡು ಬಾಯಿ ದಾಟುವ ಮೊದಲೇ ಆ ನಡುಕ ಶುರುವಾಗಿರುತ್ತದೆ. ದೇವಸ್ಥಾನದ ಗಂಟೆ ಬಾರಿಸಿ ಅಂಚಿಗೆ ಬೆರಳು ತಾಗಿಸಿದರೆ ನಾದ ಬದಲಾಗುತ್ತದಲ್ಲ, ನಳಿಗೆಗೆ ಏನು ತಾಗಿಕೊಂಡಿದ್ದರೂ ಹಾಗೆಯೇ. ರಷ್ಯಾದ ಮೋಸಿನ್ ರೈಫಲ್, 1891ರದ್ದು, ಅದರ ಸೈಟನ್ನು, ಅಂದರೆ ಗುರಿ ನೋಡುವ ಗುರುತನ್ನು, ನಳಿಗೆಯ ತುದಿಗೆ ಬಯೊನೆಟ್ ಚೂರಿ ಸಿಕ್ಕಿಸಿಯೇ ಹೊಂದಿಸುತ್ತಿದ್ದರು. ಬಯೊನೆಟ್ ತೆಗೆದು ಹೊಡೆದರೆ ಗುಂಡು ಬೀಳುವ ಜಾಗವೇ ಬೇರೆ. ನಮ್ಮಲ್ಲಿ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ತ್ರೀ ನಾಟ್ ತ್ರೀ ರೈಫಲ್‌ನಲ್ಲೂ ನಳಿಗೆಯ ಕೆಳಗೆ ಆಸರೆಯಾಗಿರುವ ಮುಂದಿನ ಮರ ನಳಿಗೆಯನ್ನು ಎಲ್ಲಿ ಒತ್ತುತ್ತದೆ ಅನ್ನುವುದು ಆರ್ಮರರ್‌ಗೆ ದೊಡ್ಡ ತಲೆನೋವು. ಮಳೆಗೆ ಮರ ಉಬ್ಬಿದರೆ ಗುರಿ ಸರಿಯಿತು ಅಂತಲೇ ಲೆಕ್ಕ.

ಆದರೆ ಗಜದ ಪರಿಣಾಮ ಎಲ್ಲ ಕೋವಿಯಲ್ಲೂ ಒಂದೇ ಅಲ್ಲ. ಕೆಲವು ಕೋವಿಗಳಲ್ಲಿ ಮರ ನಳಿಗೆಯ ಬಾಯಿಯ ಹತ್ತಿರದವರೆಗೂ ಹೋಗಿರುತ್ತದೆ. ಬ್ರಿಟಿಷ್ ಸೇನೆಯ 1853ರ ಎನ್‌ಫೀಲ್ಡ್ ಕೋವಿ ಆ ಥರದ್ದು. ಅದರಲ್ಲಿ ಗಜ ಮರದಲ್ಲಿ ಕೊರೆದ ಕಾಲುವೆಯೊಳಗೆ ಕೂತಿರುತ್ತದೆ, ನಳಿಗೆಗೂ ಅದಕ್ಕೂ ಸಂಬಂಧ ಕಮ್ಮಿ. ಇನ್ನು ಕೆಲವದರಲ್ಲಿ ಮರ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಅರ್ಧದಲ್ಲಿ ಗಜ ಸಿಕ್ಕಿಸುವ ಬಳೆಗಳನ್ನು ನಳಿಗೆಯ ಕೆಳಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಗಜದ ಒಂದು ತುದಿ ಮರದ ತೂತಿನೊಳಗೆ, ಇನ್ನೊಂದು ತುದಿ ನಳಿಗೆಗೆ ಅಂಟಿದ ಬಳೆಯಲ್ಲಿ. ಗಜ ಬಿಗಿಯಾಗಿದ್ದರೆ ಅದು ನಳಿಗೆಯನ್ನು ಎಳೆದು ಹಿಡಿದ ಹಾಗಾಯಿತು. ನಿಮ್ಮದು ಯಾವ ಥರದ್ದು?

ಗಜ ಯಾವುದರದ್ದು ಅಂತಲೂ ಹೇಳಿ, ಮರವಾ ಕಬ್ಬಿಣವಾ. ಹೊಡೆಯುವಾಗ ಮರಳಿನ ಚೀಲವನ್ನು ಕೋವಿಯ ಯಾವ ಭಾಗಕ್ಕೆ ಕೊಟ್ಟಿದ್ದಿರಿ? ಗಜ ಇಟ್ಟು ಹೊಡೆದದ್ದು ಮೊದಲಾ, ತೆಗೆದು ಹೊಡೆದದ್ದು ಮೊದಲಾ?

ನಿಮ್ಮ ಮಾವ ನೋಡಿದ್ದೂ ಸರಿಯೇ. ಬೇಟೆಗಾರನಿಗೆ ಎರಡನೇ ಈಡು (ಒಂದು ಸಲದ ಮದ್ದು, ಗುಂಡು) ತುಂಬಲು ಗಜ ಕೈಗೆ ಸಿಗಬೇಕು, ಹಾಗಾಗಿ ಅದು ಕೋವಿಯಲ್ಲೇ ಇರುತ್ತದೆ. ಸೈಟ್ ಹೊಂದಿಸುವಾಗಲೂ ಅದು ಅಲ್ಲೇ ಇದ್ದರೆ ಅವರಿಗೆ ವ್ಯತ್ಯಾಸ ಕಾಣುವ ಪ್ರಶ್ನೆಯೇ ಇಲ್ಲ.

ಕೊಡಿಯಾಲ್‌ಬೈಲ್ ವಕೀಲ

ಗಜದ ಚರ್ಚೆಯ ನಡುವೆ ಒಂದು ಮಾತು. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸಿನಲ್ಲಿ ಕೋವಿಯನ್ನು ರೇಂಜ್‌ಗೆ ಒಯ್ಯಲು ಅವಕಾಶ ಉಂಟಾ ಅಂತ ಲೈಸೆನ್ಸ್ ಪುಸ್ತಕದಲ್ಲಿ ಬರೆದ ಷರತ್ತು ಓದಿ ನೋಡಿ. ಅನುಮಾನ ಇದ್ದರೆ ಬರಹದಲ್ಲೇ ಕೇಳಿ. ಶಿರ್ವದವರಿಗೆ ಉಡುಪಿಯ ಡಿಸಿ ಕಚೇರಿ. ಮಂಗಳೂರು ನಗರದವರಿಗೆ ಪೊಲೀಸ್ ಕಮಿಷನರ್ ಕಚೇರಿ. ಕೇಪಿನ ಕೋವಿ ಹಳೆಯದು, ಅದಕ್ಕೆ ಕಾಯ್ದೆ ಇಲ್ಲ ಅಂತ ನಮ್ಮಲ್ಲಿ ಕೆಲವರು ತಿಳಿದುಕೊಂಡಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.

ಶಿರ್ವದ ತೋಟದವ

ವಕೀಲರಿಗೆ ಥ್ಯಾಂಕ್ಸ್, ಅನುಮತಿ ಬರಹದಲ್ಲೇ ತೆಗೆದುಕೊಂಡಿದ್ದೇನೆ.

ಆರ್ಮರರ್ ಸರ್, ಕೋವಿ ಕೈಯಲ್ಲಿ ಹಿಡಿದುಕೊಂಡು ನೋಡಿಯೇ ಬರೆಯುತ್ತಿದ್ದೇನೆ. ಮರ ಅರ್ಧಕ್ಕೆ ನಿಂತಿದೆ. ಮುಂದೆ ನಳಿಗೆಯ ಕೆಳಗೆ ಎರಡು ಹಿತ್ತಾಳೆ ಬಳೆಗಳಿವೆ. ಗಜ ಬೈನೆ ಮರದ್ದು, ತುದಿಗೆ ಹಿತ್ತಾಳೆಯ ಟೋಪಿ. ಮರದ ತೂತಿನಿಂದ ಹೊರಗೆ ಎಳೆಯಲು ಈಗ ಎರಡು ಕೈ ಬೇಕು. ಬೇಸಿಗೆಯಲ್ಲಿ ಒಂದೇ ಬೆರಳಿಗೆ ಬರುತ್ತಿತ್ತು. ಎಳೆದು ನೋಡಿದರೆ ಒಂದು ಬದಿಯಲ್ಲಿ ಮಾತ್ರ ಉಜ್ಜಿ ಹೊಳಪು ಬಂದಿದೆ, ಇನ್ನೊಂದು ಬದಿ ಮಂಕಾಗಿಯೇ ಉಂಟು. ಮರಳಿನ ಚೀಲ ಮೊದಲನೇ ಬಳೆಯ ಹತ್ತಿರ ಕೊಟ್ಟಿದ್ದೆ. ಮೊದಲು ಗಜ ಇಟ್ಟು ಹೊಡೆದದ್ದು, ಆಮೇಲೆ ತೆಗೆದು ಹೊಡೆದದ್ದು.

ಕಾರ್ಕಳದ ಆರ್ಮರರ್

ನಿಮ್ಮ ಉತ್ತರದಲ್ಲೇ ಬೇಕಾದ್ದೆಲ್ಲ ಉಂಟು. ಒಂದು ಬದಿ ಮಾತ್ರ ಹೊಳಪು ಅಂದರೆ ಗಜ ಆ ಬದಿಗೆ ಒತ್ತಿಕೊಂಡು ಕೂತಿದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಎಣ್ಣೆ ಕಾಣದ ಮರ ನೀರು ಕುಡಿದು ಉಬ್ಬಿಯೇ ಉಬ್ಬುತ್ತದೆ. ಅಮೆರಿಕದಲ್ಲಿ ಹಿಕರಿ ಮರದ ಗಜ ಬಳಸುವವರೂ ಅದಕ್ಕೆ ಎಣ್ಣೆ ಉಣಿಸಿಯೇ ಇಡುತ್ತಾರೆ. ಗಜ ಚೆನ್ನಾಗಿ ಒಣಗಲಿ. ಹೊಳಪು ಬಂದ ಕಡೆ ಸಣ್ಣ ಮರಳು ಕಾಗದದಿಂದ ಉಜ್ಜಿ. ಜಾಸ್ತಿ ಬೇಡ, ಬಳೆಯೊಳಗೆ ಅಲುಗಾಡದೆ ಸಲೀಸಾಗಿ ಜಾರಿದರೆ ಸಾಕು. ಆಮೇಲೆ ಅಗಸೆ ಎಣ್ಣೆ ಹಚ್ಚಿ ಒಣಗಿಸಿ, ಇನ್ನೊಮ್ಮೆ ಹಚ್ಚಿ. ತೀರಾ ಸಡಿಲ ಮಾಡಿದರೆ ಹೊಡೆದ ಪೆಟ್ಟಿಗೆ ಗಜ ಮುಂದಕ್ಕೆ ಜಾರಿ ಬರುತ್ತದೆ. ಅದೂ ಒಳ್ಳೆಯದಲ್ಲ.

ಚೀಲದ ವಿಷಯ ಇನ್ನೂ ಮುಖ್ಯ. ಬಳೆಯ ಹತ್ತಿರ ಚೀಲ ಕೊಟ್ಟರೆ, ಗಜ ಇರುವಾಗ ಕೋವಿಯ ಭಾರ ಗಜದ ಮೇಲೆ ಬೀಳುತ್ತದೆ. ತೆಗೆದರೆ ನಳಿಗೆಯೇ ಚೀಲದ ಮೇಲೆ ಕೂರುತ್ತದೆ. ಅಲ್ಲಿಗೆ ನೀವು ಹೋಲಿಸಿದ್ದು ಎರಡು ಬೇರೆ ಬೇರೆ ಆಸರೆಗಳನ್ನು. ಚೀಲವನ್ನು ಹಿಂದಕ್ಕೆ ತನ್ನಿ, ಮರದ ಕೆಳಗೇ ಕೊಡಿ.

ಮೂರನೆಯದು ಮಸಿ. ಕರಿಮದ್ದು ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ನಳಿಗೆಯ ಒಳಗೆ ಕೂರುತ್ತದೆ. ಹೊಡೆದಷ್ಟೂ ಗುಂಡು ಜಡಿಯುವುದು ಕಷ್ಟ, ಒತ್ತಡವೂ ಬದಲು. ನೀವು ಗಜ ಇಟ್ಟು ಹೊಡೆದದ್ದು ಶುಚಿಯಾದ ನಳಿಗೆಯಲ್ಲಿ, ತೆಗೆದು ಹೊಡೆದದ್ದು ಮಸಿ ಹಿಡಿದ ನಳಿಗೆಯಲ್ಲಿ. ಆ ಒಂದು ಗೇಣಿನಲ್ಲಿ ಗಜದ ಪಾಲೆಷ್ಟು, ಮಸಿಯ ಪಾಲೆಷ್ಟು ಅಂತ ಆ ಕಾಗದ ನೋಡಿ ಹೇಳಲಾಗದು.

ಮುಂದಿನ ಸಲ ಎರಡು ಕಾಗದ ಅಕ್ಕಪಕ್ಕ ಹಚ್ಚಿ. ಒಂದು ಈಡು ಗಜ ಇಟ್ಟು ಎಡಗಡೆಯ ಕಾಗದಕ್ಕೆ, ಇನ್ನೊಂದು ಗಜ ತೆಗೆದು ಬಲಗಡೆಯದಕ್ಕೆ. ಹೀಗೆ ಒಂದಾದ ಮೇಲೊಂದು. ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಒಮ್ಮೆ, ಒಣ ಬಟ್ಟೆ ಒಮ್ಮೆ ಹಾಕಿ ಒರೆಸಿ. ಒದ್ದೆ ಬಟ್ಟೆಗೆ ಇನ್ನೊಂದು ಕೆಲಸವೂ ಉಂಟು, ಒಳಗೆ ಕೆಂಡ ಉಳಿದಿದ್ದರೆ ಆರಿಸುತ್ತದೆ. ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯಲೇಬೇಡಿ, ಬೇರೆ ಅಳತೆ ಪಾತ್ರೆಯಿಂದಲೇ ಹಾಕಿ. ದಿನದ ಮೊದಲ ಈಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಣ್ಣೆ ಪಸೆ ಇರುವ ನಳಿಗೆಯ ಗುಂಡು ಬೇರೆ ಕಡೆ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಗಜ ನಳಿಗೆಯ ಕೆಳಗಿದ್ದಾಗ ಗುರಿಗೆ ಮಾಡುವ ವ್ಯತ್ಯಾಸ ಸಣ್ಣದು. ನಳಿಗೆಯ ಒಳಗಿರುವಾಗ ಮಾಡುವುದು ದೊಡ್ಡದು. ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆಯಿರಿ. ಮದ್ದು, ಗುಂಡು ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೆರೆ. ಪ್ರತಿ ಸಲ ಗುಂಡು ಜಡಿದಾಗ ಎರಡನೇ ಗೆರೆ ಬಾಯಿಗೆ ಸರಿಯಾಗಿ ಬರಬೇಕು. ಗೆರೆ ಬಾಯಿಗಿಂತ ಮೇಲೆಯೇ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುವೆ ಜಾಗ ಉಳಿದಿದೆ ಅಂತ ಅರ್ಥ. ಹಾಗೆ ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅಥವಾ ಒಳಗೆ ಆಗಲೇ ಒಂದು ಈಡು ಇರಬಹುದು. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಹೊಲಗಳಲ್ಲಿ ಹೆಕ್ಕಿದ ಬಂದೂಕುಗಳಲ್ಲಿ ಸಾವಿರಾರು ಬಂದೂಕುಗಳೊಳಗೆ ಒಂದರ ಮೇಲೊಂದು ಈಡು ತುಂಬಿಕೊಂಡಿತ್ತು. ಗಡಿಬಿಡಿಯಲ್ಲಿ ಗಜವನ್ನು ಒಳಗೇ ಮರೆತು ಅದನ್ನೂ ಹೊಡೆದುಬಿಟ್ಟ ಸೈನಿಕರು ಆ ಕಾಲದಲ್ಲಿ ಕಮ್ಮಿ ಇರಲಿಲ್ಲ. ಆ ಕೋಲು ಯಾರಿಗೆ ತಾಗುತ್ತದೆ ಅಂತ ಹೇಳಲಾಗದು.

ಹಾಗಾಗಿ ನನ್ನ ಸಲಹೆ: ಗಜವನ್ನು ಕೋವಿಯಲ್ಲೇ ಇಟ್ಟು ಸೈಟ್ ಹೊಂದಿಸಿ, ಯಾವಾಗಲೂ ಹಾಗೆಯೇ ಹೊಡೆಯಿರಿ. ಕೇಪು ಇಡುವ ಮೊದಲು ಕೆಳಗೆ ಕಣ್ಣು ಹಾಯಿಸಿದರೆ ಗಜ ಅಲ್ಲೇ ಕಾಣುತ್ತದೆ. ಅಷ್ಟಾದ ಮೇಲೆ ಕೇಪು.

ಕುಂದಾಪುರದ ಹುಡುಗ

ಮರಳಿನ ಚೀಲದ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ಒಂದು ಪ್ರಶ್ನೆ. ಮರದ ಗಜ ಬಿಟ್ಟು ಸ್ಟೀಲಿನದ್ದು ಹಾಕಿದರೆ ಉಬ್ಬುವ ರಗಳೆಯೇ ಇರುವುದಿಲ್ಲವಲ್ಲ?

ಕಾರ್ಕಳದ ಆರ್ಮರರ್

ಉಬ್ಬುವುದಿಲ್ಲ, ನಿಜ. ತೂಕ ಜಾಸ್ತಿ, ಹಾಗಾಗಿ ಸೈಟ್ ಪುನಃ ನೋಡಬೇಕು. ಜಡಿಯುವಾಗ ನಳಿಗೆಯ ಬಾಯಿಯ ಅಂಚಿಗೆ ಉಜ್ಜದ ಹಾಗೆ ನೋಡಿಕೊಳ್ಳಬೇಕು, ಅಲ್ಲಿ ಸವೆದರೆ ಗುಂಡು ಹೊರಡುವ ದಾರಿಯೇ ಕೆಡುತ್ತದೆ. ನಮ್ಮ ಕರಾವಳಿಯ ಗಾಳಿಗೆ ತುಕ್ಕು ಬೇರೆ. ಬೈನೆಯ ಗಜ ನೇರ ಎಳೆಯದ್ದು, ಸೀಳು ಇಲ್ಲದ್ದು ಆದರೆ ಅದನ್ನೇ ಇಟ್ಟುಕೊಳ್ಳಿ. ಸೀಳು ಕಂಡರೆ ಅವತ್ತೇ ಬದಲಾಯಿಸಿ, ಜಡಿಯುವಾಗ ಮುರಿದರೆ ಅಂಗೈಗೇ ಚುಚ್ಚುತ್ತದೆ.

ಶಿರ್ವದವರೇ, ರೇಂಜ್‌ನಿಂದ ಬಂದ ದಿನವೇ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿ. ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಶುರು. ಚುನಾವಣೆ ಸಮಯದಲ್ಲಿ ಠಾಣೆಗೆ ಒಪ್ಪಿಸುವಾಗಲೂ ಎಣ್ಣೆ ಹಚ್ಚಿಯೇ ಕೊಡಿ. ವಾಪಸ್ ಬಂದ ಮೇಲೆ ಗಜ ಎಷ್ಟು ಬಿಗಿಯಾಗಿದೆ ಅಂತ ಮೊದಲು ನೋಡಿ.

ಎರಡು ಕಾಗದದ ಫೋಟೊ ಇಲ್ಲಿ ಹಾಕಿ. ಚೀಲ ಎಲ್ಲಿ ಕೊಟ್ಟಿದ್ದಿರಿ, ಅವತ್ತು ಮಳೆ ಇತ್ತಾ ಅಂತಲೂ ಕಾಗದದ ಮೂಲೆಯಲ್ಲಿ ಬರೆದಿರಲಿ.