ಡಿಸೆಂಬರ್ ಮಳೆಯಲ್ಲಿ ದಿಂಬಂ ಘಾಟ್: ಗುಂಪಲ್ಲಿ ಹೋಗಿ ಬಂದವರು ಹೇಳಿ

ಹೊಸೂರಿನಿಂದ ಪ್ರಶ್ನೆ:
ಡಿಸೆಂಬರ್ ಎರಡನೇ ಶನಿವಾರ ನಾವು ಎಂಟು ಬೈಕ್‌ಗಳಲ್ಲಿ ಹೊರಡುತ್ತಿದ್ದೇವೆ. ಕನಕಪುರ, ಕೊಳ್ಳೇಗಾಲ, ಚಾಮರಾಜನಗರ, ಆಮೇಲೆ ಹಾಸನೂರು, ದಿಂಬಂ ಇಳಿದು ಸತ್ಯಮಂಗಲ. ಭಾನುವಾರ ಅದೇ ದಾರಿಯಲ್ಲಿ ವಾಪಸ್. ಬಂಗಾಳ ಕೊಲ್ಲಿಯಲ್ಲಿ ಆಗಲೇ ಏನಾದರೂ ಎದ್ದರೆ ಮಳೆ, ಚಳಿ, ಮಂಜು ಎಲ್ಲ ಒಟ್ಟಿಗೆ ಬರುತ್ತದೆ. ನಮ್ಮಲ್ಲಿ ಇಬ್ಬರು ಇನ್ನೂ ಘಾಟ್ ಓಡಿಸಿಲ್ಲ. ಏನು ಮಾಡಬೇಕು?

ತಾಳವಾಡಿಯಿಂದ:
ನಮ್ಮ ಊರಿನವರಿಗೆ ಸತ್ಯಮಂಗಲಕ್ಕೆ ಹೋಗಬೇಕು ಅಂದರೆ ದಿಂಬಂ ಇಳಿಯಲೇಬೇಕು. 27 ತಿರುವೂ ಕೈಗೆ ಗೊತ್ತು. ಆದರೂ 2024ರ ಡಿಸೆಂಬರ್ 1ರ ಭಾನುವಾರ ನಾನು ಮರೆಯುವುದಿಲ್ಲ. ಹಿಂದಿನ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತ್ತು. ಅದು ಕಡಲ ಕಡೆಯವರ ಕಷ್ಟ ಅಂದುಕೊಂಡು ನಾವು ಆರು ಬೈಕ್ ಕೆಳಗೆ ಇಳಿದೆವು. ಬಣ್ಣಾರಿ ಅಮ್ಮನಿಗೆ ಕೈ ಮುಗಿದು, ಊಟ ಮುಗಿಸಿ, ಮೂರು ಗಂಟೆಗೆ ಹತ್ತಲು ಶುರು ಮಾಡಿದೆವು.

ಜೋರು ಮಳೆ ಬಂದಿದ್ದರೆ ನಿಲ್ಲುತ್ತಿದ್ದೆವು. ಬಂದಿದ್ದು ಜಿನುಗು ಮಳೆ. ಇಷ್ಟಕ್ಕೆಲ್ಲ ರೇನ್‌ಕೋಟ್ ಯಾಕೆ ಅಂತ ಯಾರೂ ನಿಲ್ಲಿಸಲಿಲ್ಲ. ಪ್ಯಾಂಟ್ ನಿಧಾನವಾಗಿ ನೆನೆಯಿತು, ಗಾಳಿ ಬೀಸಿತು. ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಕಮ್ಮಿಯಾಗುತ್ತದೆ. ಕೆಳಗೆ ಬೆವರುತ್ತಿದ್ದವರು ಮೇಲೆ ಬರುವಷ್ಟರಲ್ಲಿ ನಡುಗುತ್ತಿದ್ದೆವು.

ಕೊನೆಯ ಬೈಕ್ ನನ್ನ ಅಕ್ಕನ ಮಗನದು. ಮೇಲೆ ಟೀ ಅಂಗಡಿಯಲ್ಲಿ ಹೆಲ್ಮೆಟ್ ಬಕಲ್ ಬಿಚ್ಚಲು ಅವನ ಕೈಗೆ ಆಗಲಿಲ್ಲ. ಏನಾಯ್ತೋ ಅಂದರೆ "ಏನಿಲ್ಲ ಮಾವ" ಅಂದ. ಮಾತು ತೊದಲುತ್ತಿತ್ತು. ಒದ್ದೆ ಬಟ್ಟೆ ತೆಗೆಸಿ, ಅಂಗಡಿಯವರ ಕಂಬಳಿ ಹೊದಿಸಿ, ಬಿಸಿ ಸಿಹಿ ಟೀ ಕುಡಿಸಿ ಒಂದೂವರೆ ಗಂಟೆ ಕೂರಿಸಿದೆವು. ಒಂದು ಪೆಗ್ ಹಾಕಿಸಿ ಅಂದರು ಯಾರೋ. ದಯವಿಟ್ಟು ಹಾಗೆ ಮಾಡಬೇಡಿ. ಮೈ ಬಿಸಿಯಾದ ಹಾಗೆ ಅನಿಸುತ್ತದೆ ಅಷ್ಟೇ, ಒಳಗಿನ ಕಾವು ಇನ್ನೂ ಬೇಗ ಹೊರಗೆ ಹೋಗುತ್ತದೆ. ಎರಡು ದಿನ ಬಿಟ್ಟು ಅವನು ಹೇಳಿದ್ದು: ಒಂದು ತಿರುವಿನಲ್ಲಿ ಬೆರಳು ಬ್ರೇಕ್ ಹಿಡಿಯಲೇ ಇಲ್ಲವಂತೆ, ಬೈಕ್ ಎದುರಿನ ಬದಿಗೆ ಹೋಗಿತ್ತಂತೆ. ಆ ಹೊತ್ತಿಗೆ ಬಸ್ ಬಂದಿದ್ದರೆ? ನನಗೆ ಈಗಲೂ ಹೊಟ್ಟೆ ತಿರುಚುತ್ತದೆ.

ಗುಂಪಲ್ಲಿ ಯಾರೂ ಚಳಿ ಆಗ್ತಿದೆ ಅಂತ ಬಾಯಿ ಬಿಡುವುದಿಲ್ಲ. ಎಲ್ಲರನ್ನೂ ತಡ ಮಾಡಿಸುತ್ತೇನಲ್ಲ ಅನ್ನುವ ಸಂಕೋಚ. ಅದಕ್ಕೇ ನಾವೀಗ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಪ್ರತಿಯೊಬ್ಬರೂ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ತೋರಿಸಬೇಕು ಅಂತ ಮಾಡಿದ್ದೇವೆ. ಆಗದಿದ್ದರೆ ಯಾರೂ ಮುಂದೆ ಹೋಗುವಂತಿಲ್ಲ. ಯಾವ ಊರಿನಿಂದ ವಾಪಸ್ ತಿರುಗಬಹುದು ಅನ್ನುವುದನ್ನೂ ಮನೆಯಲ್ಲೇ ತೀರ್ಮಾನ ಮಾಡಿ. ರಸ್ತೆ ಮೇಲೆ ನಿಂತು ಚರ್ಚೆ ಮಾಡಿದರೆ ಧೈರ್ಯವಂತನೇ ಗೆಲ್ಲುತ್ತಾನೆ.

ಆ ಹೊಸಬರಿಬ್ಬರನ್ನು ಕೊನೆಗೆ ಬಿಡಬೇಡಿ. ಮುಂದಾಳಿನ ಹಿಂದೆಯೇ ಇರಲಿ, ವೇಗ ಅವರದೇ ಆಗಲಿ. ಚೆನ್ನಾಗಿ ಓಡಿಸುವವರು ಕೊನೆಗೆ ಬರಲಿ. ಘಾಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು. ಇಳಿಯುವಾಗ ಎರಡನೇ ಗೇರ್, ಕ್ಲಚ್ ಹಿಡಿದುಕೊಂಡು ಬೈಕನ್ನು ಸುಮ್ಮನೆ ಉರುಳಲು ಬಿಡಬೇಡಿ. ಮಂಜಿದ್ದರೆ ಲೈಟ್ ಡಿಮ್‌ನಲ್ಲಿಡಿ. ಲಾರಿ ಹತ್ತುತ್ತಿದ್ದರೆ ತಿರುವಿನ ಮೊದಲೇ ನಿಂತುಬಿಡಿ, ಅದಕ್ಕೆ ಇಡೀ ರಸ್ತೆ ಬೇಕು. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಸಂಜೆ ಆರರೊಳಗೆ ದಾಟಬೇಕು ಅಂತ ಲಾರಿಯವರು ಅವಸರ ಮಾಡುತ್ತಾರೆ. ನೀವು ಮಧ್ಯಾಹ್ನವೇ ಇಳಿದುಬಿಡಿ.

ಹಾಸನೂರು ಹತ್ತಿರ ಕಾರಪಳ್ಳಂ ಚೆಕ್‌ಪೋಸ್ಟ್ ಬಳಿ ಕಬ್ಬಿನ ಲಾರಿಗಾಗಿ ಆನೆಗಳು ಬಂದು ನಿಲ್ಲುತ್ತವೆ. ಮಂಜಲ್ಲಿ ಕಾಣುವುದಿಲ್ಲ. ಆ ಜಾಗದಲ್ಲಿ ಫೋಟೋಗೆ ನಿಲ್ಲಬೇಡಿ, ಹಾರ್ನ್ ಹೊಡೆಯಬೇಡಿ.

ಡೆಂಕಣಿಕೋಟೆಯಿಂದ:
ಹಿಂದೆ ಕೂರುವವರನ್ನು ಎಲ್ಲರೂ ಮರೆಯುತ್ತಾರೆ. ನಾನು ಯಾವಾಗಲೂ ಹಿಂದಿನ ಸೀಟು. ಕೈಕಾಲು ಆಡಿಸದೆ ಸುಮ್ನೆ ಕೂತಿರುವುದರಿಂದ ನಮಗೇ ಚಳಿ ಜಾಸ್ತಿ. ಜಾಕೆಟ್ ಒಳಗೆ ಎದೆಗೆ ನಾಲ್ಕು ಪದರ ನ್ಯೂಸ್ ಪೇಪರ್ ಇಟ್ಟುಕೊಳ್ಳಿ, ಗಾಳಿ ನಾಟುವುದಿಲ್ಲ. ಉಣ್ಣೆ ಗ್ಲೌಸ್ ಮೇಲೆ ಪಾತ್ರೆ ತೊಳೆಯುವ ದೊಡ್ಡ ರಬ್ಬರ್ ಗ್ಲೌಸ್ ಹಾಕಿದರೆ ಕೈ ನೆನೆಯುವುದಿಲ್ಲ. ಓಡಿಸುವವರು ಮಾತ್ರ ಅದರಲ್ಲಿ ಬ್ರೇಕ್ ಹಿಡಿಯಲು ಆಗುತ್ತದಾ ಅಂತ ಮನೆ ಮುಂದೆಯೇ ನೋಡಿಕೊಳ್ಳಲಿ. ಒಣ ಬಟ್ಟೆ, ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಕೃಷ್ಣಗಿರಿಯಿಂದ:
ಅದೇ ಫೆಂಗಲ್ ಸಮಯದಲ್ಲಿ ನಮ್ಮ ಜಿಲ್ಲೆಯ ಊತಂಗರೈನಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಯಿತು. ಕಡಲಿಂದ ಎಷ್ಟು ದೂರ ಇದ್ದೇವೆ ನೋಡಿ. ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಈರೋಡಿಗೋ ಚಾಮರಾಜನಗರಕ್ಕೋ ಆರೆಂಜ್ ಅಲರ್ಟ್ ಇದ್ದರೆ ಒಂದು ವಾರ ಮುಂದೆ ಹಾಕಿ.

ಹೊಸೂರಿನಿಂದ:
ಎಲ್ಲರಿಗೂ ಥ್ಯಾಂಕ್ಸ್. ಚಾಮರಾಜನಗರದಲ್ಲಿ ಬೆರಳು ನೋಡಿ ಮುಂದಿನ ಮಾತು ಅಂತ ಎಂಟೂ ಜನ ಒಪ್ಪಿದ್ದೇವೆ. ಒಬ್ಬನ ಹಿಂದಿನ ಟೈರ್ ಸವೆದಿತ್ತು, ಇವತ್ತು ಬದಲಾಯಿಸಲು ಬಿಟ್ಟು ಬಂದೆವು.

ತಾಳವಾಡಿಯಿಂದ:
ಒಳ್ಳೆಯದು. ಪುಣಜನೂರು ಚೆಕ್‌ಪೋಸ್ಟ್ ತಲುಪಿದಾಗ ಒಂದು ಮೆಸೇಜ್ ಹಾಕಿ. ಆ ದಿನ ಹಾಸನೂರಿನಲ್ಲೇ ಇರುತ್ತೇನೆ, ಮೇಲೆ ಮಂಜು ಹೇಗಿದೆ ಅಂತ ಕೇಳಿ ತಿಳಿಸುತ್ತೇನೆ.